ರಾಕ್ಷಸ ಸಂವತ್ಸರದ ಬಿತ್ತನೆ

ಹಿಂದಿನ ರಾಕ್ಷಸ ಸಂವತ್ಸರವನ್ನು ಕಣ್ಣಾರೆ ಕಂಡವನು ಈ ಹೊಳೆದಂಡೆಯಲ್ಲಿ ನಾನೊಬ್ಬನೇ. ಉಳಿದವರೆಲ್ಲ ಮಣ್ಣಾದರು. ಸುಳ್ಳು ಅನ್ನುವವರಿದ್ದರೆ ಆ ಸತ್ತವರನ್ನು ಎಬ್ಬಿಸಿ ಕೇಳಲಿ.

ಅರುವತ್ತು ವರ್ಷ ತಿರುಗಿ ಅದೇ ಸಂವತ್ಸರ ಮತ್ತೆ ಬಂತು. ನಾನು ಮಠದ ಗುರು. ಆದರೆ ಅಕ್ಷರ ಬಾರದು. ಯುಗಾದಿಯ ದಿನ ಊರವರ ಮುಂದೆ ಪಂಚಾಂಗ ಓದಿದವನು ಶಿಷ್ಯ ಬಂಕಯ್ಯ.

“ಅರಸನಿಗೆ ಕೇಡು. ಆಕಾಶದಲ್ಲಿ ಉತ್ಪಾತ. ಬಿತ್ತಿದ್ದು ಬೆಳೆಯದು,” ಎಂದು ಓದಿದ.

ತಿಂಗಳೊಳಗೆ ಬಾಲಚುಕ್ಕಿ ಮೂಡಿತು. ಅರಸ ದಂಡಿನ ಬೀಡಿನಲ್ಲೇ ಸತ್ತನೆಂದು ಸುದ್ದಿ ಬಂತು. ಸಾಲದ್ದಕ್ಕೆ ಭೂಮಿ ನಡುಗಿ ಗುಡಿಯ ಕಳಸ ಉರುಳಿತು.

ಎರಡು ಮಾತು ನಿಜವಾದ ಮೇಲೆ ಮೂರನೆಯದನ್ನು ಯಾರು ಅನುಮಾನಿಸುತ್ತಾರೆ? ಮೃಗಶಿರಾ ಮಳೆ ಹದವಾಗಿ ಬಿದ್ದರೂ ಒಬ್ಬನೂ ಕೂರಿಗೆ ಹೂಡಲಿಲ್ಲ.

ಬಂಕಯ್ಯ ಓಡಿ ಬಂದ. “ಗುರುಗಳೇ, ಕಾಳು ತುಂಬಿಟ್ಟ ನೆಲದ ಹಗೇವು ತೆಗೆದಿದ್ದಾರೆ. ಬೀಜದ ಜೋಳವನ್ನೇ ಹುರಿದು ತಿನ್ನುತ್ತಾರಂತೆ. ಬರುವ ವರ್ಷ ಊರೇ ಉಪವಾಸ. ಎಲ್ಲ ನನ್ನಿಂದಲೇ ಆಯಿತು.”

“ಬಿತ್ತಿರಿ ಅನ್ನಬೇಕಿತ್ತು.”

“ಅಂದೆ. ‘ಬೆಳೆಯದು ಅಂತ ಓದಿದವನು ನೀನೇ ತಾನೆ?’ ಅಂದರು.”

ನಾನು ಊರೊಳಗೆ ಹೋದೆ. ಚಾಕವ್ವ ಅಂಗಳದ ಒಲೆಯ ಮೇಲೆ ಕಾಳು ಹುರಿಯುವ ಓಡು ಕಾಯಿಸುತ್ತಿದ್ದಳು. ಪಕ್ಕದಲ್ಲಿ ಬೀಜದ ಮೂಟೆ, ಸುತ್ತ ಜನ.

“ಇದೂ ಒಂದು ರಾಕ್ಷಸ ಸಂವತ್ಸರವೇ?” ಎಂದೆ. “ಹಿಂದಿನದರಲ್ಲಿ ಬಾಲಚುಕ್ಕಿ ಮೂರು. ಸತ್ತ ಅರಸರು ಇಬ್ಬರು, ಒಂದೇ ವಾರದಲ್ಲಿ. ಈ ಹೊಳೆ ಹಿಂದಕ್ಕೆ ಹರಿದು, ಮೀನು ಹಿಡಿಯಲು ನಾವು ಗುಡ್ಡ ಹತ್ತುತ್ತಿದ್ದೆವು.”

“ಬೆಳೆ ಬಂತೇ ಅಜ್ಜಾ?” ಚಾಕವ್ವನ ಕೈ ಇನ್ನೂ ಮೂಟೆಯ ಬಾಯಲ್ಲೇ ಇತ್ತು.

“ನಾನೇ ಬಿತ್ತಿದೆನಲ್ಲ! ಜೋಳದ ದಂಟು ಎಷ್ಟೆತ್ತರ ಅಂದರೆ, ತೆನೆಗೆ ಹಾರಿದ ಗಿಳಿಗಳು ನಡುದಾರಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದವು. ಕೆಲವು ಅಲ್ಲೇ ಗೂಡು ಕಟ್ಟಿ ಮರಿ ಮಾಡಿದವು. ಕೊನೆಗೆ ತೆನೆ ಮುಟ್ಟಿದ್ದು ಮರಿಗಳು.”

ಯಾರೋ ಕಿಸಕ್ಕನೆ ನಕ್ಕರು. ಬಾಲಚುಕ್ಕಿ ಕಂಡ ಮೇಲೆ ಊರು ನಕ್ಕದ್ದು ಅದೇ ಮೊದಲು.

“ಅಜ್ಜ ಹೇಳಿದ್ದರಲ್ಲಿ ಮುಕ್ಕಾಲು ಕಳೆದರೂ ನಮ್ಮ ಹೊಟ್ಟೆ ತುಂಬುತ್ತದೆ,” ಎಂದು ಚಾಕವ್ವ ಓಡು ಇಳಿಸಿದಳು.

ಮರುದಿನ ಕೂರಿಗೆಗಳು ಹೊಲಕ್ಕಿಳಿದವು. ಆರನೆಯ ದಿನ ಸಾಲು ಸಾಲಾಗಿ ಹಸುರು ಇಣುಕಿತು.

ಅಂದೇ ಬಂಕಯ್ಯ ನನ್ನ ಜಾತಕದ ಓಲೆ ಹಿಡಿದು ಬಂದ.

“ಗುರುಗಳೇ, ನೀವು ಹುಟ್ಟಿದ್ದು ಪಿಂಗಳ ಸಂವತ್ಸರದಲ್ಲಿ.”

“ಇರಬಹುದು.”

“ರಾಕ್ಷಸ ಬಂದು ಹೋದ ಎರಡನೆಯ ವರ್ಷಕ್ಕೆ ಪಿಂಗಳ. ನೀವು ಬಿತ್ತಿದೆ ಅಂದ ವರ್ಷ ನೀವಿನ್ನೂ ಹುಟ್ಟೇ ಇರಲಿಲ್ಲ!”

ನಾನು ಓಲೆ ತೆಗೆದುಕೊಂಡು ಸೂರಿನ ಸಂದಿಗೆ ಸಿಕ್ಕಿಸಿದೆ.

“ಊರವರಿಗೆ ನಿಜ ಹೇಳಬೇಡವೇ?”

“ಹೇಳಪ್ಪ. ಆದರೆ ಮೊದಲು ಹೊಲಕ್ಕೆ ಹೋಗಿ ಆ ಮೊಳಕೆಗಳಿಗೆ ಹೇಳಿ ಬಾ.”