ಹೆಣ ಮೀಯಿಸುವವಳ ಬೆರಳು

“ಗುರುಗಳೇ, ಒಬ್ಬರ ಗುಟ್ಟನ್ನು ಕೊನೆಯವರೆಗೂ ಕಾಯುವುದು ಪುಣ್ಯವಲ್ಲವೇ?” ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಪಟ್ಟಣದ ದೊಡ್ಡ ಮೋರಿಯ ಪಕ್ಕ ಒಂದು ಬಡ ಕೇರಿ. ಅಲ್ಲಿ ಹೆಂಗಸರು ತೀರಿಕೊಂಡರೆ ಹೆಣ ಮೀಯಿಸಲು ಒಬ್ಬ ಮುದುಕಿಯನ್ನೇ ಕರೆಯುತ್ತಿದ್ದರು. ಮೀಯಿಸುವಾಗ ಕಂಡದ್ದನ್ನು ಆಚೆ ಆಡಬಾರದೆಂಬುದು ಕೇರಿಯ ಕಟ್ಟಳೆ. ಬೇರೆ ಮಾತಿಗೆಲ್ಲ ಮುದುಕಿಯದು ಊರಗಲ ಬಾಯಿ. ಈ ವಿಷಯಕ್ಕೆ ಮಾತ್ರ ಬೀಗ.

ಒಂದೇ ವರ್ಷದಲ್ಲಿ ಮೂವರು ಹೋದರು. ಮೂವರ ಎದೆಯಲ್ಲೂ ಅವಳ ಬೆರಳಿಗೆ ಒಂದೇ ಬಗೆಯ ಗಂಟು ಸಿಕ್ಕಿತು, ಕಲ್ಲಿನಷ್ಟು ಗಟ್ಟಿ. ಒಬ್ಬಳೇ ಹೆಂಗಸು ಮೂರು ಸಲ ಸತ್ತು ಬಂದಳೇನೋ ಎನ್ನಿಸಿತು ಅವಳಿಗೆ. ಮನೆಯವರು “ಗಾಳಿ ಸೋಕಿತ್ತು” ಅಂದರು. ಇವಳೂ ಹೂಂ ಅಂದಳು.

ಆಮೇಲೊಂದು ದಿನ ಆಸ್ಪತ್ರೆಯ ನರ್ಸಮ್ಮ ಮುದುಕಿಯ ಮನೆಗೆ ಬಂದಳು. ಮಗಳೂ ಒಳಗಿದ್ದಳು. “ಅಜ್ಜಿ, ಇಲ್ಲಿ ಯಾರಿಗಾದ್ರೂ ಎದೇಲಿ ಗಂಟಿತ್ತಾ? ಕ್ಯಾನ್ಸರ್ ಆದ್ರೂ ಬೇಗ ತೋರಿಸಿದ್ರೆ ಉಳಿಸ್ಕೋಬಹುದು.”

“ನಮ್ ಕೇರೀಲಿ ಅಂಥಾದ್ದೆಲ್ಲ ಇಲ್ಲ ಕಣವ್ವ” ಎಂದು ಮುದುಕಿ ಅವಳನ್ನು ಬಾಗಿಲಿಂದಲೇ ಕಳಿಸಿದಳು.

ಯುಗಾದಿ ಬಂತು. ಮುದುಕಿ ಮಗಳನ್ನು ಕೂರಿಸಿಕೊಂಡು ಮೈಗೆ ಎಣ್ಣೆ ಹಚ್ಚುತ್ತಿದ್ದಳು. ಕಂಕುಳ ಹತ್ತಿರ ಬಂದ ಕೈ ಅಲ್ಲೇ ನಿಂತುಬಿಟ್ಟಿತು. ಅದೇ ಗಂಟು. ಮೂರು ಸಲ ತಣ್ಣಗಿದ್ದದ್ದು ಈಗ ಬೆಚ್ಚಗಿತ್ತು.

“ಯಾವಾಗಿಂದ ಐತೆ ಇದು?”

“ನೋವೇನಿಲ್ಲ ಕಣವ್ವ. ನರ್ಸಮ್ಮ ಬಂದಾಗ ಹೇಳಾನ ಅಂತಿದ್ದೆ. ನಮ್ ಕೇರೀಲಿ ಇಲ್ಲ ಅಂತ ನೀನೇ ಅಂದ್ಯಲ್ಲ. ನಂಗೊಬ್ಳಿಗೇ ಏನೋ ಅಂಟ್ಕೊಂಡೈತೆ ಅಂತ ನಾಚ್ಕೆ ಆಯ್ತು.”

ಮುದುಕಿ ಮರುದಿನವೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು. “ತಡವಾಗಿದೆ, ಆದರೂ ನೋಡೋಣ” ಎಂದರು ಡಾಕ್ಟರು. ಅಲ್ಲಿಂದ ಬಂದವಳು ಸೀದಾ ನಲ್ಲಿಯ ಸಾಲಿಗೆ ನಡೆದಳು. ಸತ್ತ ಮೂವರ ಹೆಸರು ಹಿಡಿದು, ಕಂಡದ್ದನ್ನೆಲ್ಲ ಕೂಗಿ ಹೇಳಿದಳು. ಕೊಡ ತುಂಬಿ ನೀರು ಚೆಲ್ಲುತ್ತಿತ್ತು. ಸಾಲಿನಲ್ಲಿದ್ದ ಇಬ್ಬರ ಕೈ ಮೆಲ್ಲಗೆ ಸೆರಗಿನೊಳಕ್ಕೆ ಹೋಯಿತು.

ಶಿಷ್ಯ ಬೆದರಿದ. “ಸತ್ತವರ ಗುಟ್ಟು ಒಡೆದುಬಿಟ್ಟಳಲ್ಲ, ಗುರುಗಳೇ! ಅವರು ಅವಳನ್ನು ಸುಮ್ಮನೆ ಬಿಟ್ಟಾರೆಯೇ?”

“ಬದುಕಿರುವವರಿಗೆ ಹೇಳಲಿ ಎಂದೇ ಅವರು ಮೂರು ಸಲ ಅವಳ ಬೆರಳು ಹಿಡಿದು ತೋರಿಸಿದ್ದರಲ್ಲ, ಮಗು.”