ಅಡ್ಡ ಬಂದದ್ದನ್ನೆಲ್ಲ ಕಟ್ಟಿದ ಮಾಯಿಗ

ಕರೆಂಟಿನ ಪ್ಯಾನಲ್ಲಿಗೆ ಕಾವಲಿದ್ದ ಪಿನ್ನನ್ನು ಅಕ್ಕಿ ಮಿಲ್ಲಿನ ಮ್ಯಾನೇಜರ್ ಕಟ್ಟಿಹಾಕಿಸಿದ. ತಪ್ಪು ಅವನದು. ಊರೆಲ್ಲ ಪೆದ್ದ ಅಂದಿದ್ದು ಮಾತ್ರ ಮಾಯಿಗನನ್ನು. ಕೇಳಿ.

ಹೊಂಬಾಳಮ್ಮನಿಗೆ ಒಬ್ಬನೇ ಮಗ, ಮಾಯಿಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಗೋಳು. "ಇವನ್ನ ಕಟ್ಕೊಂಡು ನಾನೇನ್ ಮಾಡ್ಲಪ್ಪ!" ಎಂದು ಅತ್ತು ಕರೆದು, ಮಿಲ್ಲಿನಲ್ಲಿ ಕರೆಂಟಿನ ಕೆಲಸ ನೋಡುತ್ತಿದ್ದ ತನ್ನ ತಮ್ಮ ಬೋರಯ್ಯನ ಕೈಕೆಳಗೆ ಸೇರಿಸಿದಳು.

"ಅಲ್ಲಿ ಯಾರ್ ಏನ್ ಹೇಳುದ್ರೂ ಮಾಡು ಮಗ."

"ಆಯ್ತು ಕಣವ್ವ."

ಬೋರಯ್ಯ ಕರೆಂಟು ಕಡಿಯುವ ಬ್ರೇಕರ್ ಆಫ್ ಮಾಡಿ, ಪ್ಯಾನಲ್ಲಿನ ಬಾಗಿಲು ತೆಗೆದು, ಒಳಗೆ ಕೈ ಹಾಕಿ ನಟ್ಟು ಬಿಗಿಯುತ್ತಿದ್ದ. ಹೊರಗಿನಿಂದ ಯಾರೋ ಕೂಗಿದರು: "ಮಿಷೀನ್ ಓಡ್ಸೋ!" ಮಾಯಿಗ ಹೋಗಿ ಬ್ರೇಕರಿನ ಹಿಡಿಗೆ ಜೋತುಬಿದ್ದ. ಹಿಡಿ ಅಲ್ಲಾಡಲಿಲ್ಲ. ಬಾಗಿಲು ತೆರೆದಿದ್ದರೆ ಬ್ರೇಕರ್ ಆನ್ ಆಗದಂತೆ, ಬ್ರೇಕರ್ ಆನ್ ಇದ್ದರೆ ಬಾಗಿಲು ತೆರೆಯದಂತೆ ಹಿಡಿದಿಡಲು ಅಲ್ಲೊಂದು ಬೆರಳುದ್ದದ ಪಿನ್ನಿತ್ತು. ಅದು ಬೋರಯ್ಯನ ಜೀವ ಉಳಿಸಿತು.

"ಅಯ್ಯೋ ಪಾಪಿ! ನನ್ನ ಸುಟ್ಟು ಬೂದಿ ಮಾಡ್ತಿದ್ದಲ್ಲೋ!"

"ಓಡ್ಸು ಅಂದ್ರು ಮಾವ."

"ತಗೋ ಈ ಬ್ರೇಕರ್ ಬೀಗ. ಒಳಗೆ ಜನ ಇದ್ರೆ ಬೀಗ ಜಡೀಬೇಕು. ಕೀಲಿ ಜೇಬಲ್ಲಿಟ್ಕೋಬೇಕು. ಯಾರ್ ಕೇಳುದ್ರೂ ಕೊಡ್ಬಾರ್ದು!"

ಮರುದಿನ ಬೆಳಿಗ್ಗೆ ಹೊಂಬಾಳಮ್ಮ ಸ್ನಾನಕ್ಕೆಂದು ಬಚ್ಚಲಿಗೆ ಹೋದಳು. ಒಳಗೆ ಜನ! ಮಾಯಿಗ ಬೀಗ ಜಡಿದ, ಕೀಲಿ ಜೇಬಿಗಿಳಿಸಿದ, ಮಿಲ್ಲಿಗೆ ಹೋದ. ಪಕ್ಕದ ಮನೆಯವರು ಓಡಿ ಬಂದು ಕೀಲಿ ಕೇಳಿದರು. ಕೊಡಲಿಲ್ಲ. ಬೇಡಿದರು. ಕೊಡಲಿಲ್ಲ. ಬೈದರು. ಕೊಡಲಿಲ್ಲ. ಕೊನೆಗೆ ಹೆಂಚು ಸರಿಸಿ ಅವಳನ್ನು ಮೇಲಕ್ಕೆಳೆದರು.

ಒದ್ದೆ ಸೀರೆಯಲ್ಲೇ ಮಿಲ್ಲಿಗೆ ಬಂದಳು. "ಎಲಾ ಮುಂಡೇದೆ! ಒಳಗಿರೋರು ಸದ್ದು ಮಾಡುದ್ರೆ ತಕ್ಷಣ ಬಾಗ್ಲು ತೆಗೀಬೇಕು ಕಣೋ!"

"ಹಂಗೇ ಮಾಡ್ತೀನಿ ಕಣವ್ವ."

ಮಿಲ್ಲು ಓಡುತ್ತಿತ್ತು. ಪ್ಯಾನಲ್ಲಿನೊಳಗೆ ಗುಂಯ್ ಎಂದು ಸದ್ದು. "ಬಂದೆ, ಬಂದೆ!" ಎಂದು ಮಾಯಿಗ ಬಾಗಿಲು ಜಗ್ಗಿದ. ಪಿನ್ನು ಬಿಡಲಿಲ್ಲ. ಗೋಡೆಗೆ ಕಾಲು ಕೊಟ್ಟು ಜಗ್ಗಿದ. ಬಿಡಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಂದ. ಒಳಗೆ ಏನೋ ಸುಟ್ಟ ವಾಸನೆ. ಅವನಿಗೂ ಬಾಗಿಲು ತೆಗೆಸಬೇಕಿತ್ತು. ಮಿಲ್ಲು ಮಾತ್ರ ನಿಲ್ಲಬಾರದು!

"ಹಂಗಲ್ಲ ಪೆದ್ದಾ. ಆ ಪಿನ್ನು ಹಿಂದಕ್ಕೆಳೆದು ತಂತಿ ಸುತ್ತು. ಕೆಲ್ಸಕ್ಕೆ ಅಡ್ಡ ಬಂದಿದ್ದನ್ನೆಲ್ಲ ತಂತಿ ಸುತ್ತಿ ಕಟ್ಟಾಕ್ಬೇಕು, ತಿಳ್ಕೋ!"

"ತಿಳ್ಕೊಂಡೆ ಸಾ."

ಬಾಗಿಲು ತೆರೆಯಿತು. ಯಾರೂ ಸಾಯಲಿಲ್ಲ. ಸಾಯಲಿಲ್ಲವಲ್ಲ ಎಂದು ಮ್ಯಾನೇಜರೆಂಬ ಆ ದೊಡ್ಡ ಬುದ್ಧಿವಂತ, ತಂತಿಯನ್ನು ಹಾಗೇ ಬಿಟ್ಟ.

ಮಧ್ಯಾಹ್ನ ಬೋರಯ್ಯ ಬ್ರೇಕರ್ ಆಫ್ ಮಾಡಿ, ಸುಟ್ಟ ಜಾಗ ಸರಿಮಾಡಲು ಒಳಗೆ ಕೈ ಹಾಕಿದ. ಬೀಗ ಇನ್ನೂ ಅಕ್ಕನ ಬಚ್ಚಲಿಗೇ ನೇತಾಡುತ್ತಿತ್ತು. ಪಿನ್ನಿದೆಯಲ್ಲ ಎಂದುಕೊಂಡ, ಅದಕ್ಕೆ ಸುತ್ತಿದ ತಂತಿ ನೋಡಲಿಲ್ಲ. ಹೊಂಬಾಳಮ್ಮ ತಮ್ಮನಿಗೆ ಬುತ್ತಿ ತಂದು ಹೊಸ್ತಿಲಲ್ಲಿ ಕೂತಿದ್ದಳು.

ಮ್ಯಾನೇಜರ್ ದಾಪುಗಾಲಲ್ಲಿ ಬಂದ. "ಲಾರಿ ಕಾಯ್ತಾ ಐತೆ! ಇನ್ನೂ ಎಷ್ಟೊತ್ತು?" ಎಂದವನೇ, ಒಳಗೆ ಕೈ ಇದೆಯಾ ಎಂದೂ ನೋಡದೆ, ಬ್ರೇಕರಿನ ಹಿಡಿಗೆ ಕೈ ಹಾಕಿದ. ತಡೆಯಬೇಕಾದ ಪಿನ್ನು ತಂತಿಯಲ್ಲಿ ಕಟ್ಟುಬಿದ್ದಿತ್ತು.

"ಅಯ್ಯೋ, ನನ್ ತಮ್ಮ ಒಳಗವ್ನೆ!" ಹೊಂಬಾಳಮ್ಮ ಚೀರಿದಳು.

"ಸಾ! ಕೆಲ್ಸಕ್ಕೆ ಅಡ್ಡ ಬರ್ಬೇಡಿ!" ಬೋರಯ್ಯ ಒಳಗಿಂದ ಕೂಗಿದ.

ಅಡ್ಡ! ಮಾಯಿಗನ ಕಿವಿ ನೆಟ್ಟಗಾಯಿತು. ತಂತಿಯ ಸುರುಳಿ ಎತ್ತಿಕೊಂಡ. ಮ್ಯಾನೇಜರನ ಕೈ ಹಿಡಿದು ಎಳೆದ, ಕಂಬಕ್ಕೆ ಒರಗಿಸಿದ, ಸುತ್ತಿದ, ಸುತ್ತಿದ, ಗಂಟು ಹಾಕಿದ.

"ಬಿಡ್ಲಾ ಕತ್ತೆ!"

"ಅಡ್ಡ ಬಂದಿದ್ದನ್ನ ಕಟ್ಟಾಕು ಅಂದಿದ್ದು ನೀವೇ ಅಲ್ವಾ ಸಾ?"

ಬೋರಯ್ಯ ಕೈ ಹೊರಗೆಳೆದುಕೊಂಡ. ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. "ಅನ್ನ ಕೊಡೋರ್ನ ಕಟ್ಟಾಕ್ದಲ್ಲೋ! ಹೋಗು, ಕಟ್ಟಿರೋ ತಂತಿ ಬಿಚ್ಚು! ಕೈ ಮುಗ್ದು ತಪ್ಪಾಯ್ತು ಅನ್ನು!"

ಕಟ್ಟಿದ್ದು ಎರಡು ಕಡೆ. ಮಾಯಿಗ ಯೋಚಿಸಿದ. ಮೊದಲು ಕಟ್ಟಿದ್ದನ್ನು ಮೊದಲು ಬಿಚ್ಚಬೇಕು. ಸೀದಾ ಪ್ಯಾನಲ್ಲಿನ ಹತ್ತಿರ ಹೋದ, ತಂತಿ ಬಿಚ್ಚಿದ. ಪಿನ್ನು ಟಕ್ಕನೆ ತನ್ನ ಜಾಗಕ್ಕೆ ಬಂತು. ಮಾಯಿಗ ಅದರ ಮುಂದೆ ಬಗ್ಗಿ ನಿಂತು ಕೈ ಮುಗಿದ.

"ತಪ್ಪಾಯ್ತು ಸಾ."

ಮ್ಯಾನೇಜರ್ ಕಂಬದಲ್ಲೇ ಅರಚುತ್ತಿದ್ದ.

ನೀವು ದುಡಿಯುವ ಕಡೆ ಆ ಪಿನ್ನು ಹೇಗಿದೆ? ಹೋಗಿ ನೋಡಿ. ಯಾರಾದರೂ ಕಟ್ಟಿದ್ದರೆ ಮಿಷೀನು ನಿಲ್ಲಿಸಿ, ಬಿಚ್ಚಿಸಿ. ಬಿಚ್ಚುವ ತನಕ ಒಬ್ಬರೂ ಒಳಗೆ ಕೈ ಹಾಕಬೇಡಿ.