ನೂಲು ಕಟ್ಟಿಕೊಂಡ ಕಾವಲುಗಾರರು

ಬಾಣಂತಿಯಾಗಿ ಸತ್ತವಳು ತನ್ನ ಕೌದಿಯನ್ನು ಬಿಟ್ಟು ಹೋಗುವುದಿಲ್ಲ, ಹೊದ್ದವರ ಎದೆಯ ಮೇಲೆ ಕೂತು ಉಸಿರು ಹೀರುತ್ತಾಳೆ ಎಂದು ಆಗ ಎಲ್ಲರೂ ನಂಬಿದ್ದರು. ಕೂತದ್ದನ್ನು ಯಾರೂ ನೋಡಿರಲಿಲ್ಲ. ಅದರಿಂದ ನಂಬಿಕೆಗೇನೂ ತೊಂದರೆಯಾಗಲಿಲ್ಲ.

ಈರಭದ್ರ ಎಂಬ ಶಿಷ್ಯ ಗುರುವಿನ ಬಳಿಗೆ ಬಂದು ಕೇಳಿದ: "ಗುರುಗಳೇ, ಬಾಣಂತನದಲ್ಲಿ ಸತ್ತ ಅವ್ವನ ಕೌದಿ ಕೊಡವಿದರೆ ಸಾಕು, ತಂಗಿ ಸಂಕವ್ವನಿಗೆ ಉಬ್ಬಸ ಬರುತ್ತದೆ. ತುಟಿ ನೀಲಿಯಾಗುತ್ತದೆ. ಅದೇ ಕೌದಿ ಹೊದ್ದು ನಾನು ಗೊರಕೆ ಹೊಡೆಯುತ್ತೇನೆ. ಅವ್ವನ ಸಮಾಧಿಗೆ ಮೊಳೆ ಹೊಡಿ, ಬಿಟ್ಟು ಹೋಗುತ್ತಾಳೆ ಅನ್ನುತ್ತಾರೆ ಓಣಿಯವರು. ಹೊಡೆಯಲೇ?"

"ಮೊಳೆ ತಂದಿದ್ದೀಯಾ?"

"ಚೀಲದಲ್ಲಿದೆ."

"ಅಲ್ಲೇ ಇರಲಿ. ಕೌದಿಯನ್ನು ಹುಡುಗಿಯ ಹತ್ತಿರ ತರಬೇಡ. ಉಸಿರಿನ ನಾಳದ ಗೋಡೆಯೊಳಗೆ ಕಣ್ಣಿಗೆ ಕಾಣದ ಕಾವಲುಗಾರರಿದ್ದಾರೆ. ನಿನ್ನಲ್ಲೂ ಇದ್ದಾರೆ, ಅವಳಲ್ಲೂ ಇದ್ದಾರೆ. ಬೆರಳಿಗೆ ನೂಲು ಕಟ್ಟಿಕೊಂಡವರು ಅವಳಲ್ಲಿ ಮಾತ್ರ. ಅಂಥವರ ಕತೆ ಕೇಳು."

ಬೆಟ್ಟವನ್ನು ಕೊರೆದು ಅದರೊಳಗೆ ಕಟ್ಟಿದ ಒಂದು ಊರಿತ್ತು. ಗಾಳಿ ಬರಲು ಸುರಂಗಗಳಿದ್ದವು. ಹಿಂದೆ ಯಾವಾಗಲೋ ಆ ದಾರಿಯಲ್ಲಿ ಹುಳುಗಳು ನುಗ್ಗಿದ್ದವಂತೆ. ಅಂದಿನಿಂದ ಪ್ರತಿ ಸುರಂಗದ ಬಾಗಿಲಲ್ಲೂ ಕಾವಲುಗಾರರು ಕೂತರು. ಮಡಿಲಲ್ಲಿ ಮೆಣಸಿನಪುಡಿ ತುಂಬಿದ ಮಡಕೆ. ಹುಳುಗಳು ಮತ್ತೆ ಬರಲಿಲ್ಲ. ಕಾವಲುಗಾರರು ಏಳಲಿಲ್ಲ. ಕತ್ತಲಲ್ಲಿ ಕೂತು ಕೂತು ಅವರ ಕಣ್ಣು ಹೋಯಿತು, ಮಾತು ಹೋಯಿತು. ಬೆರಳು ಮಾತ್ರ ಉಳಿಯಿತು.

ಒಮ್ಮೆ ಒಬ್ಬ ವ್ಯಾಪಾರಿ ಬಂದ. ಉಪ್ಪು ಮಾರಿ ಹೋದ. ಏನೂ ಆಗಲಿಲ್ಲ. ಅವನ ಕಂಬಳಿಯ ಕೆಲವು ಎಳೆಗಳು ನೆಲದ ಮೇಲೆ ಉದುರಿದ್ದವು. ಊರಿನ ಹಿರಿಯನೊಬ್ಬ ಅವನ್ನು ಹೆಕ್ಕಿ ಕಾವಲುಗಾರರ ಬೆರಳಿಗೆ ಕಟ್ಟಿದ.

"ಈ ನೂಲಿನವನು ಮತ್ತೆ ಬಂದರೆ ಬಿಡಬೇಡಿ."

ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಗೊತ್ತಿರಲಿಲ್ಲ.

ವ್ಯಾಪಾರಿ ಮತ್ತೆ ಬಂದ. ಕಾವಲುಗಾರರು ಅವನ ಕಂಬಳಿಯನ್ನು ಮುಟ್ಟಿದರು. ತಮ್ಮ ಬೆರಳಿನ ಎಳೆಯನ್ನು ಮುಟ್ಟಿದರು. ಮಡಕೆಗಳೆಲ್ಲ ಒಟ್ಟಿಗೆ ಒಡೆದವು. ಸುರಂಗಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡವು. ಘಾಟು ಊರನ್ನು ತುಂಬಿತು. ವ್ಯಾಪಾರಿ ಹೊರಗೆ ಉಪ್ಪಿನ ಮೂಟೆ ಹೊತ್ತುಕೊಂಡೇ ಕಿವಿಗೊಟ್ಟು ನಿಂತ. ಒಳಗೆ ಊರಿಗೆ ಊರೇ ಒಂದೇ ಗಂಟಲಿನಿಂದ ಸಣ್ಣಗೆ ಸಿಳ್ಳೆ ಹಾಕುತ್ತಿರುವಂತೆ ಕೇಳಿಸಿತು. ಆಮೇಲೆ ಅದೂ ಕೇಳಿಸಲಿಲ್ಲ.

ಬದುಕಿ ಉಳಿದ ಕೆಲವರು ವ್ಯಾಪಾರಿ ಉಸಿರು ಕದ್ದನೆಂದರು. ಕಾವಲುಗಾರರಿಗೆ ಹಾರ ಹಾಕಿ ಇನ್ನೂ ದೊಡ್ಡ ಮಡಕೆ ಕೊಟ್ಟರು. ಅಲ್ಲಿಂದ ಮುಂದೆ ವ್ಯಾಪಾರಿ ಬರುವುದೇ ಬೇಕಾಗಲಿಲ್ಲ. ಎಲ್ಲಿಂದಲೋ ಅಂಥ ಒಂದು ಎಳೆ ಗಾಳಿಯಲ್ಲಿ ತೇಲಿ ಬಂದರೂ ಊರು ಸಿಳ್ಳೆ ಹಾಕುತ್ತಿತ್ತು.

ಗುರು ಇಷ್ಟು ಹೇಳಿ ನಿಲ್ಲಿಸಿದ. ಈರಭದ್ರ ಚೀಲದೊಳಗೆ ಕೈ ಹಾಕಿ ಮೊಳೆಯನ್ನು ಹಿಡಿದುಕೊಂಡಿದ್ದ.

"ಆ ವ್ಯಾಪಾರಿಯ ಹತ್ತಿರ ಏನೋ ಇದ್ದಿರಲೇಬೇಕು, ಗುರುಗಳೇ. ಇಲ್ಲದಿದ್ದರೆ ಹೊರಗೆ ನಿಂತವನು ಅಷ್ಟು ಬಾಗಿಲುಗಳನ್ನು ಹೇಗೆ ಮುಚ್ಚಿಸಿದ?"

"ಅಗಳಿ ಇದ್ದದ್ದು ಒಳಗಡೆ."